ಮರವಂತೆಯಲ್ಲಿ ಒಂದು ಚೊಂಬು ನೀರು

ಡಿಸೆಂಬರಿನ ಥಂಡಿ ಬೆಳಗು. ಮರವಂತೆಯಲ್ಲಿ ನಮ್ಮ ಬಸ್ಸು ನಿಂತಿತು. ದೂರದ ಓಟಕ್ಕೆ ಬಂದ ಯುವಕನೊಬ್ಬ ರಸ್ತೆ ಬದಿಯಲ್ಲಿ ಕುಸಿದು, ತನ್ನ ಹೆಸರು ಹೇಳಲೂ ತಡವರಿಸುತ್ತಿದ್ದ. ಬೆರಳು ಊದಿ ಉಂಗುರ ಬಿಗಿದಿತ್ತು. ದಾರಿಯುದ್ದಕ್ಕೂ ಮನೆಮನೆಯವರು ಬೆಲ್ಲ, ನೀರು ಹಿಡಿದು ನಿಂತಿದ್ದರಂತೆ. ಇವನು ಯಾರಿಗೂ ಬೇಡವೆಂದಿರಲಿಲ್ಲ. ಈ ಊರಲ್ಲಿ ಹಾಗೆನ್ನಲು ನನಗೂ ಬಾಯಿ ಬರುವುದಿಲ್ಲ.

ಮೀನು ಮಾರುವ ಅಜ್ಜಿಯೊಬ್ಬರು ಮತ್ತೊಂದು ಚೊಂಬು ನೀರು, ಬೆಲ್ಲ ತಂದರು. ಹುಡುಗನ ಜೊತೆಗೆ ಓಡುತ್ತಿದ್ದ ಡಾಕ್ಟರಮ್ಮ ತಡೆದರು: "ನೀರು ಬೇಡ ಅಜ್ಜಿ. ಚಳಿಗೆ ಅಷ್ಟು ಬೆವರಿಲ್ಲ. ಕುಡಿದದ್ದೆಲ್ಲ ಒಳಗೇ ಉಳಿದು ರಕ್ತದಲ್ಲಿ ಉಪ್ಪು ಕಮ್ಮಿಯಾಗಿದೆ."

"ಬಂದವ್ರಿಗೆ ನೀರ್ ಕೊಟ್ಟದ್ದೇ ತಪ್ಪಾಯ್ತಾ ಮಗಾ?" ಅಜ್ಜಿ ಚೊಂಬನ್ನು ಹಿಂದಕ್ಕೆಳೆದುಕೊಂಡರು.

ಹುಡುಗನನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದರು. ಡಾಕ್ಟರಮ್ಮ ಆ ಚೊಂಬನ್ನು ತೆಗೆದುಕೊಂಡು ಒಂದು ಗುಟುಕು ಕುಡಿದು, ಅಂಗೈ ಚಾಚಿದರು: "ಬೆಲ್ಲವನ್ನೂ ಕೊಡಿ."