ಇಸ್ತ್ರಿ ಕೋಣೆಯಲ್ಲಿ ಗಂಡನ ಆರು ದಿನ

ಆಸ್ಪತ್ರೆ, ಹೋಟೆಲುಗಳ ಚಾದರ ಒಗೆದು ಕಳಿಸುವ ಆ ಕಂಪನಿಯ ಇಸ್ತ್ರಿ ಕೋಣೆಯಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ನಿಂತಿದ್ದಾಳೆ. ನಿಂತಿದ್ದಾಳೆ ಎಂದರೆ ನಿಂತೇ ಇದ್ದಾಳೆ. ಅಲ್ಲಿ ಕೂತು ಮಾಡುವ ಕೆಲಸವಿಲ್ಲ. ಒದ್ದೆ ಚಾದರವನ್ನು ಇಬ್ಬರು ಎರಡು ಮೂಲೆ ಹಿಡಿದು ಕಾದ ಉರುಳೆಗೆ ಒಂದೇ ಹೊತ್ತಿಗೆ ಕೊಡಬೇಕು. ಒಬ್ಬರು ತುಸು ಹಿಂದೆ ಬಿದ್ದರೂ ಬಟ್ಟೆ ಸೊಟ್ಟಗೆ ಹೋಗಿ ಸುಕ್ಕು ಅಚ್ಚೊತ್ತುತ್ತದೆ. ಮತ್ತೆ ನೆನೆಸಿ ತರಬೇಕು. ಅವಳ ಕೈಯಿಂದ ಸೊಟ್ಟ ಚಾದರ ಹೋದದ್ದನ್ನು ಕಂಡವರಿಲ್ಲ. ಜೊತೆಯವರು ಅವಳನ್ನು ನೇರಕ್ಕ ಎಂದೇ ಕರೆಯುತ್ತಾರೆ.

ಗಂಡನೂ ಅದೇ ಕಂಪನಿಯವನು. ಗುಮಾಸ್ತನಾಗಿದ್ದವನು ಸಂಜೆ ತರಗತಿಗೆ ಹೋಗಿ ಓದಿದ. ಆ ಮೂರು ವರ್ಷ ಇವಳು ಎರಡು ಪಾಳಿ ದುಡಿದಳು, ಮನೆಗೆ ಬಂದು ಮೂರನೆಯದನ್ನೂ ದುಡಿದಳು. ಈಗ ಅವನು ಮ್ಯಾನೇಜರು. ಗಾಜಿನ ಕೋಣೆ, ತಿರುಗುವ ಕುರ್ಚಿ. ಮನೆಯಲ್ಲಿ ಮಾತ್ರ ಮೊಳೆಗೆ ನೇತುಹಾಕಿದ ಟವೆಲು ಬೇಕಾದರೂ ಅವಳನ್ನೇ ಕೂಗುತ್ತಾನೆ.

ಎರಡು ವರ್ಷದ ಹಿಂದೆ ಇಸ್ತ್ರಿ ಕೋಣೆಯ ಮುಖ್ಯಸ್ಥರ ಹುದ್ದೆ ಖಾಲಿಯಾದಾಗ ಅದು ನೇರಕ್ಕನದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅದು ಹೋದದ್ದು ಮೊನ್ನೆ ಮೊನ್ನೆ ಸೇರಿದ ಒಬ್ಬನಿಗೆ. ಮೇಲಿನವರ ತೀರ್ಮಾನ, ನನ್ನ ಕೈಯಲ್ಲೇನೂ ಇರಲಿಲ್ಲ ಎಂದು ಗಂಡ ಲೊಚಗುಟ್ಟಿದ. ಮೂರು ದಿನ ಕಳೆದ ಮೇಲೆ ಟೈಪಿಸ್ಟ್ ಹೆಂಗಸು ತಡೆಯಲಾರದೆ ಅವನೇ ಬರೆದ ಹಾಳೆಯನ್ನು ತೋರಿಸಿದಳು. ಮನೆಯಲ್ಲಿ ಅತ್ತೆ, ಮಗಳು ಇರುವುದರಿಂದ ಈಕೆ ಈ ಹುದ್ದೆಗೆ ಗಮನ ಕೊಡಲಾರರು ಎಂದಿತ್ತು. ಕೆಳಗೆ ಅವನ ಸಹಿ. ಕಾರಣವನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮುಖ್ಯಸ್ಥರಾದವರು ಬೆಳಿಗ್ಗೆ ಆರಕ್ಕೇ ಬರಬೇಕು. ಅವಳು ಆ ಹೊತ್ತಿಗೆ ಹೊರಟುಬಿಟ್ಟರೆ ಅವನ ಬಿಸಿನೀರು, ಅವನ ಡಬ್ಬಿ, ಅವನಮ್ಮನ ಮಾತ್ರೆ ನೋಡುವವರು ಯಾರು?

ಅವಳು ರಂಪ ಮಾಡಲಿಲ್ಲ. ಕೆಂಡಕ್ಕೆ ಬೂದಿ ಮುಚ್ಚಿ ಕಾದಳು.

ಕಂಪನಿಗೆ ಹೊಸ ನಿರ್ದೇಶಕಿ ಬಂದರು. ಬಂದವರೇ ಆರು ದಿನ ನೇರಕ್ಕನ ಎದುರು ಚಾದರದ ಮೂಲೆ ಹಿಡಿದರು, ಮಣಿಕಟ್ಟು ಸುಟ್ಟುಕೊಂಡರು, ಕೆಲಸಗಾರರ ಜೊತೆಗೇ ಕೂತು ಡಬ್ಬಿ ಬಿಚ್ಚಿದರು. ಏಳನೆಯ ದಿನ ಗೋಡೆಗುಂಟ ಬೆಂಚು ಬಂತು. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕೂರಬೇಕೆಂದು ಆಜ್ಞೆಯಾಯಿತು. ಆಮೇಲೆ ಇನ್ನೊಂದು ನಿಯಮ ಬಂತು: ಪ್ರತಿಯೊಬ್ಬ ಅಧಿಕಾರಿಯೂ ಆರು ದಿನ ಕೆಲಸಗಾರರ ಕೈಕೆಳಗೆ ದುಡಿಯಬೇಕು, ಕಲಿಸಿದವರೇ ಅವರ ಬಗ್ಗೆ ಹಾಳೆ ತುಂಬಬೇಕು. ಅದರ ಕೊನೆಯ ಪ್ರಶ್ನೆ, ಇವರ ಕೈಕೆಳಗೆ ಕೆಲಸ ಮಾಡಲು ಒಪ್ಪುತ್ತೀರಾ ಎಂಬುದು. ಇಲ್ಲ ಎಂದರೆ ಬಡ್ತಿಯೂ ಇಲ್ಲ.

ಗಂಡ ಉಪನಿರ್ದೇಶಕನಾಗುವ ಹೊಸ್ತಿಲಲ್ಲಿದ್ದ. ಉಳಿದವರು ಲಾರಿಗೆ ಹೇರುವ ಕೆಲಸ ಆರಿಸಿಕೊಂಡರೆ ಇವನು ಹೆಂಡತಿಯ ಉರುಳೆಯನ್ನು ಆರಿಸಿಕೊಂಡ. ಮನೆಯವಳೇ ತಾನೆ, ಒಂದು ಫೋಟೊ ಹೊಡೆಸಿಕೊಂಡು ಬೆಂಚಿನ ಮೇಲೆ ಕೂತರಾಯಿತು ಎಂದು ಗೆಳೆಯರಲ್ಲಿ ಹೇಳಿದ ಮಾತು ಊಟದ ಹೊತ್ತಿಗೆಲ್ಲ ಇಸ್ತ್ರಿ ಕೋಣೆ ಮುಟ್ಟಿತ್ತು.

ಮೊದಲ ದಿನ ಫೋಟೊ ಆಯಿತು. ಅದರಲ್ಲಿ ಅವನಿದ್ದ, ಚಾದರವಿತ್ತು, ಇವಳ ನಾಲ್ಕು ಬೆರಳಿದ್ದವು. ಫೋಟೊದವನು ಹೊರಟ ಕೂಡಲೇ ಅವನು ಮೂಲೆ ಬಿಟ್ಟು ಬೆಂಚಿನ ಕಡೆ ತಿರುಗಿದ.

"ಸಾರ್, ಚಾದರ ಹಿಡೀರಿ."

"ಏನೇ ಇದು, ಸಾರ್ ಗೀರ್ ಅಂತ?"

"ಇಲ್ಲಿ ನೀವು ನನ್ನ ಗಂಡ ಅಲ್ಲ ಸಾರ್, ಕಲಿಯೋಕೆ ಬಂದೋರು. ಹಿಡೀರಿ."

ಆಚೆ ಬದಿಯಲ್ಲಿ ಮಡಚುತ್ತಿದ್ದವರು ಚಾದರದಲ್ಲೇ ಮುಖ ಮುಚ್ಚಿಕೊಂಡು ನಕ್ಕರು.

ಹೊಸಬರ ತಪ್ಪುಗಳನ್ನು ಎರಡು ದಿನ ಕಂಡೂ ಕಾಣದಂತೆ ಇರುವುದು ಆ ಕೋಣೆಯ ರೂಢಿ. ಅವಳು ಅವನ ಒಂದು ಸುಕ್ಕನ್ನೂ ಬಿಡಲಿಲ್ಲ. ಸೊಟ್ಟಗಾದ ಪ್ರತಿ ಚಾದರವನ್ನೂ ಅವನೇ ಹೊತ್ತುಕೊಂಡು ಹೋಗಿ ತೊಟ್ಟಿಯಲ್ಲಿ ಅದ್ದಿ ಹಿಂಡಿ ತರಬೇಕು. ಮೊದಲ ಸಂಜೆಗೆ ನಲವತ್ತೊಂದು ಸಲ ಹೋಗಿ ಬಂದಿದ್ದ. ಹತ್ತು ನಿಮಿಷದ ಬೆಂಚನ್ನು ಮಾತ್ರ ಅವಳು ಅವನಿಗೆ ತಪ್ಪಿಸಲಿಲ್ಲ. ನಿಯಮ ಮುರಿದು ಸೇಡು ತೀರಿಸಿಕೊಳ್ಳುವ ದರಿದ್ರ ಅವಳಿಗೆ ಬಂದಿರಲಿಲ್ಲ. ಮೂರನೆಯ ದಿನ ಅವನ ಬೆರಳಿನ ಬೊಬ್ಬೆ ನೋಡಿ ಒಂದು ಗಳಿಗೆ ಅಯ್ಯೋ ಅನಿಸಿತು. ಆ ಸಹಿ ಹಾಕಿದ್ದೂ ಇದೇ ಬೆರಳು ಎಂದುಕೊಂಡಳು, ಮುಂದಿನ ಚಾದರ ಎತ್ತಿದಳು.

ಮನೆಯಲ್ಲಿ ಅವನು ಮಂಚಕ್ಕೆ ಬಿದ್ದರೆ ಏಳುತ್ತಿರಲಿಲ್ಲ. ಅವಳು ಅದೇ ಪಾಳಿ ಮುಗಿಸಿ ಬಂದು ಒಲೆ ಹಚ್ಚುತ್ತಿದ್ದಳು.

"ಗಂಡಸರ ಕೈಲಿ ಇಂಥದ್ದು ಮಾಡಿಸ್ತಾರೇನೇ? ಕಾಲು ಹೇಗೆ ಊದಿದೆ ನೋಡು," ಎಂದು ಅತ್ತೆ ಗೊಣಗಿದರು.

"ಹೌದತ್ತೆ. ಹತ್ತೊಂಬತ್ತು ವರ್ಷದಿಂದ ಊದ್ತಾನೇ ಇದೆ."

ಅತ್ತೆ ಮಗನ ಪಾದಕ್ಕೆ ಇನ್ನಷ್ಟು ಎಣ್ಣೆ ಹಚ್ಚಿದರು.

ಆರನೆಯ ಸಂಜೆ ಅವಳು ತರಕಾರಿ ಹೆಚ್ಚುತ್ತಿದ್ದಾಗ ಅವನು ಅಡುಗೆಮನೆಗೆ ಬಂದ. ಕಂಪನಿ ಅವಳ ಕೈಗೆ ಕೊಟ್ಟಿದ್ದ ಹಾಳೆಯನ್ನು ಅವಳ ಚೀಲದಿಂದ ತೆಗೆದು, ಏನು ಬರೆಯಬೇಕೆಂದು ಪೆನ್ಸಿಲಿನಲ್ಲಿ ಗುರುತು ಮಾಡಿದ್ದ. ಇದರ ಮೇಲೆ ತಿದ್ದಿದರೆ ಸಾಕು, ಸುಖ ಬರುವುದು ನಿನಗೂ ತಾನೆ ಎಂದ.

"ಎರಡು ವರ್ಷದ ಹಿಂದೆ ನನ್ನ ಬಗ್ಗೆ ಒಂದು ಹಾಳೆ ಬರೆದ್ರಲ್ಲ," ಅವಳು ಚಾಕು ಕೆಳಗಿಟ್ಟಳು, "ಅವತ್ತು ನನ್ನ ಕೇಳಿದ್ರಾ?"

ಮನೆ ಹಾಳಾಗಬಾರದೆಂದು ಹಾಗೆ ಮಾಡಿದೆ ಎಂದ, ನಿನ್ನ ಆರೋಗ್ಯ ನೋಡಿದೆ ಎಂದ, ಕೊನೆಗೆ ತಪ್ಪಾಯಿತು ಎಂದೂ ಅಂದ. ಅವಳು ಕೈ ಒರೆಸಿಕೊಂಡು ಪೆನ್ಸಿಲಿನ ಗುರುತುಗಳನ್ನೆಲ್ಲ ಅಳಿಸಿದಳು. ಸಮಯಕ್ಕೆ ಬಂದರೇ? ಬಂದರು. ಕೆಲಸ ಕಲಿತರೇ? ನಾಲ್ಕನೆಯ ದಿನದ ನಂತರ ಕಲಿತರು. ಸುಳ್ಳು ಬರೆಯುವ ಅಗತ್ಯ ಅವಳಿಗಿರಲಿಲ್ಲ. ಕೊನೆಯ ಪ್ರಶ್ನೆಗೆ, ಅವನು ನೋಡುತ್ತಿದ್ದಂತೆಯೇ, ಒಪ್ಪುವುದಿಲ್ಲ ಎಂದು ಬರೆದು ಸಹಿ ಹಾಕಿದಳು.

ಬೆಳಿಗ್ಗೆ ಹಾಳೆ ಓದಿದ ನಿರ್ದೇಶಕಿ, ಇದು ಮನೆಯ ಜಗಳವೋ ಕೆಲಸದ ಮಾತೋ ಎಂದು ನೇರವಾಗಿ ಕೇಳಿದರು.

"ಎರಡನ್ನೂ ಕಲಸಿದ್ದು ನಾನಲ್ಲ ಮೇಡಂ. ಹಳೇ ಫೈಲು ತರಿಸಿ ನೋಡಿ."

ತರಿಸಿದರು. ಎರಡು ಸಲ ಓದಿದರು. ಅವನ ಬಡ್ತಿ ನಿಂತಿತು. ಇನ್ನು ಮುಂದೆ ನೇರಕ್ಕನ ಬಗ್ಗೆ ಒಂದಕ್ಷರವನ್ನೂ ಅವನು ಬರೆಯಕೂಡದೆಂದು ಆಜ್ಞೆಯಾಯಿತು. ಮಧ್ಯಾಹ್ನದೊಳಗೆ ಸುದ್ದಿ ಲಾರಿ ಚಾಲಕರವರೆಗೂ ಹೋಗಿತ್ತು.

ಅಂದು ಸಂಜೆ ಅತ್ತೆ, ಉಂಡ ಮನೆಗೆ ಎರಡು ಬಗೆದಳು ಎಂದು ಗೋಡೆಗೆ ಹೇಳುತ್ತಾ ಕೂತರು. ಅವನು ಅನ್ನ ಮುಟ್ಟಲಿಲ್ಲ.

"ನಾಳೆ ಎಲ್ಲರಿಗೂ ನಾನು ಹೇಗೆ ಮುಖ ತೋರಿಸ್ಲಿ?"

"ನಾನು ಎರಡು ವರ್ಷ ತೋರಿಸ್ಲಿಲ್ವಾ?" ಎಂದು ಅವಳು ಇನ್ನೊಂದು ತುತ್ತು ಕಲಸಿದಳು. ಹೊಟ್ಟೆ ತುಂಬ ಉಂಡು, ತನ್ನ ತಟ್ಟೆಯೊಂದನ್ನೇ ತೊಳೆದಿಟ್ಟಳು.