ಅಜ್ಜಿಯ ಬಾಯಲ್ಲಿದ್ದ ಬೈಗುಳ

ಗಾಣದಂಗಡಿಯ ಮುಂದೆ ಕುಸುಬೆ ಎಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಗಂಗತ್ತೆಯ ತಲೆಗೂದಲು ನೆನಪಾಗುತ್ತದೆ. ಅವಳು ಅಪ್ಪನ ತಂಗಿ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಲೋಹಾರಾ ಎಂಬ ಊರಿನ ಹತ್ತಿರವಿದ್ದ ನಮ್ಮ ಮನೆಗೆ ಮರಳಿದ್ದಳು. ಹೆತ್ತ ತಾಯಿ, ಅಂದರೆ ನಮ್ಮಜ್ಜಿ, ಅವಳನ್ನು ಮಾತುಮಾತಿಗೂ 'ಮುಂಡಿ' ಅನ್ನುತ್ತಿದ್ದಳು. ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಅದು. ಹನ್ನೊಂದು ವರ್ಷದ ನಾನು ದಿನಚರಿಯಂತೆ ದಿನಕ್ಕೊಂದು ಪುಟ ಬರೆಯುತ್ತಿದ್ದೆ. ಎಂಟು ದಿನ, ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅದರಲ್ಲೊಂದು ಗೀಟು ಹಾಕಿದೆ. ಒಟ್ಟು ಅರವತ್ತೊಂದು. ಅತ್ತೆಗೆ ನಲವತ್ತನಾಲ್ಕು, ನನಗೆ ಒಂಬತ್ತು, ಉಳಿದವು ಹಾಲು ಕೊಡದ ಆಡಿಗೆ. ಅಜ್ಜಿಯೂ ಗಂಡನನ್ನು ಕಳೆದುಕೊಂಡವಳೇ ಎಂಬುದು ಎಣಿಸುವಾಗ ನನಗೆ ಹೊಳೆದಿರಲಿಲ್ಲ.

ಹಸ್ತಾ ಮಳೆ ಬಿದ್ದು ಹೊಲ ಹದಕ್ಕೆ ಬಂದಿತ್ತು. ಎರಡು ದಿನ ತಡೆದರೆ ತೇವ ಆರಿ ಆ ವರ್ಷದ ಜೋಳವೇ ಕೈತಪ್ಪುತ್ತಿತ್ತು. ಅಪ್ಪ ಕೂರಿಗೆ ಹೊಡೆದರೆ ಅದರ ಬಟ್ಟಲಿಗೆ ಬೀಜ ಬಿಡುತ್ತಿದ್ದವಳು ಅವ್ವ, ಆಗ ಅವಳು ಬಾಣಂತಿ. ನೆರೆಯ ಹೆಂಗಸರೆಲ್ಲ ತಮ್ಮ ತಮ್ಮ ಹೊಲದಲ್ಲಿದ್ದರು. ತಾನು ಬಿಡುತ್ತೇನೆಂದು ಅತ್ತೆ ಮುಂದೆ ಬಂದಳು.

"ಮುಂಡಿ ಕೈಲೆ ಬಿದ್ದ ಬೀಜ ಹುಟ್ಟಂಗಿಲ್ಲ," ಅಂದಳು ಅಜ್ಜಿ.

ಅಪ್ಪ ಎತ್ತಿನ ಹಗ್ಗ ಹಿಡಿದು ನೆಲ ನೋಡುತ್ತ ನಿಂತ. ಭಿಕ್ಷೆಗೆ ಬಂದು ಕಟ್ಟೆಯ ಮೇಲೆ ಕೂತಿದ್ದ ಮುದಿ ಅಯ್ಯನವರನ್ನು ನಾನು ಆ ಮಾತಿನ ಅರ್ಥ ಕೇಳಿಬಿಟ್ಟೆ.

"ಮುಂಡ ಅಂದ್ರ ಬೋಳಿಸಿದ ತಲಿ, ತಂಗಿ. ಕೆಲವು ಮಂದ್ಯಾಗ ಗಂಡ ಸತ್ತಾಕಿ ಕೂದಲಾ ತಗಸ್ತಿದ್ರು. ಆ ತಲಿಗಿ ಬಿದ್ದ ಹೆಸರದು. ಲಿಂಗಾ ಕಟ್ಟಿದ ನಮ್ಮ ಮನ್ಯಾಗ ಆ ರೂಢಿ ಇಲ್ಲ. ಮಾತೊಂದು ಹ್ಯಾಂಗ ಒಳಗ ಬಂತೋ ಏನೋ."

ಅತ್ತೆ ಸೆರಗು ಸರಿಸಿ ತುರುಬು ಬಿಚ್ಚಿದಳು. ಕೂದಲು ಮೊಣಕಾಲಿನವರೆಗೆ ಇಳಿಯಿತು. ಆಮೇಲೆ ಅಜ್ಜಿಯ ಸೆರಗನ್ನೂ ಮೆಲ್ಲಗೆ ಸರಿಸಿದಳು. ಒಳಗೆ ಬೆಳ್ಳನೆಯ ದಪ್ಪ ಜಡೆ.

"ನಿನಗ ಯಾರರೇ ಹಿಂಗ ಅಂದಿದ್ರೇನವ್ವಾ?" ಎಂದು ಕೇಳಿದಳು.

"ನಮ್ಮತ್ತಿ ಅಂದಳಲ್ಲ," ಅಂದಳು ಅಜ್ಜಿ. "ಆಕಿ ಸಾಯೂತನಾ ಅಂದಳು."

ಆಮೇಲೆ ಒಳಗೆ ಹೋಗಿ ಬೀಜದ ಜೋಳ ತಂದಳು. ಮುತ್ತೈದೆಯರಿಗಷ್ಟೇ ಉಡಿ ತುಂಬುತ್ತಿದ್ದ ಆ ಮನೆಯಲ್ಲಿ, ವಿಧವೆ ಮಗಳ ಉಡಿಗೆ ವಿಧವೆ ತಾಯಿ ಐದು ಬೊಗಸೆ ಜೋಳ ಸುರಿದಳು.

ಆ ಮನೆ ಇದ್ದ ಜಾಗದಲ್ಲಿ ಈಗ ಮಣ್ಣಿನ ದಿಬ್ಬವಿದೆ. ಅವರು ಯಾರೂ ಇಲ್ಲ. ಆ ದಿನ ಅತ್ತೆ ಭಾರದ ಉಡಿ ಹಿಡಿದು ಕೂರಿಗೆಯ ಹಿಂದೆ ನಡೆದಳು. ಒಂದು ಬೀಜ ಹುಟ್ಟದಿದ್ದರೂ ಮಾತು ಅವಳಿಗೇ ಬಂದೀತೆಂದು, ಅವಳು ಬಿತ್ತಿದ ಸಾಲುಗಳ ಮೇಲೆ ಕಾಲಿಡಲು ನನಗೆ ಧೈರ್ಯವಾಗದೆ, ಬದುವಿನ ಮೇಲೇ ನಡೆದೆ.