ಅನಂತಮತಿ ಅಮ್ಮನಿಗೆ ಕಡಲ ಬದಿಯಲ್ಲಿ ಪರೀಕ್ಷೆ

ಮೂಡುಬಿದಿರೆ ಪೇಟೆಯಲ್ಲಿ ಸಂಜೆ ಹೊತ್ತು ರವಿಕೆ ಕಣ ಬೇಕಾದವರು ಅನಂತಮತಿ ಅಮ್ಮನ ಅಂಗಡಿಯ ಆಸೆ ಬಿಟ್ಟುಬಿಡಬೇಕು. ಬಿಸಿಲು ಹಳದಿಗೆ ತಿರುಗಿತೋ, ಗಿರಾಕಿಯ ಕೈಯಲ್ಲಿ ಬಟ್ಟೆ ಇರುವಾಗಲೇ ಶಟರ್ ಅರ್ಧ ಇಳಿಯುತ್ತದೆ. "ನಾಳೆ ಬಾ ಮಗಾ, ನನಗೆ ಊಟದ ಹೊತ್ತು." ಹಟ ಹಿಡಿದು ನಿಂತವರನ್ನು ಅಮ್ಮ ಒಳಗೆ ಕರೆದು ಬಾಳೆಲೆ ಹಾಕಿ ಕೂರಿಸಿದ್ದೂ ಉಂಟು. ಹಾಗೆ ಕೂತವರು ಕಣ ಮರೆತು, ಹಲಸಿನ ಹಪ್ಪಳ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಅಳದಂಗಡಿಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದ ಜೈನರ ಹೆಂಗಸು. ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗೆ ಹಾಕಿದವರಲ್ಲ. ಮನೆಯಲ್ಲಿ ಇದು ಯಾರಿಗೂ ಕಷ್ಟವಲ್ಲ. ತೊಂದರೆ ಶುರುವಾಗುವುದು ಮನೆಯಿಂದ ಹೊರಬಿದ್ದಾಗ. ಒಮ್ಮೆ ಕಲ್ಲಡ್ಕದ ಕಡೆಯ ಮದುವೆ ಮುಗಿಸಿ ಬರುವಾಗ ಹೈವೇಯಲ್ಲಿ ಬ್ಲಾಕ್. ಸೂರ್ಯ ಇಳಿಯುತ್ತಿದ್ದಾನೆ, ಲಾರಿ ಅಲ್ಲಾಡುತ್ತಿಲ್ಲ. ಅಮ್ಮ ಕಾರಿನಿಂದ ಇಳಿದರು, ರಸ್ತೆಯ ನಡುವಿನ ಡಿವೈಡರಿನ ಮೇಲೆ ಕೂತರು, ಬುತ್ತಿ ಬಿಚ್ಚಿದರು. ಎರಡೂ ಕಡೆ ಹಾರ್ನು. ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, "ಅಮ್ಮಾ, ಉಪ್ಪಿನಕಾಯಿ ಉಂಟಾ?" ಎಂದು ಕೇಳಿದ. ಇವರು ಕೊಟ್ಟೂ ಬಿಟ್ಟರು. ಮಗ ಜಯೇಶ್ ಮಾತ್ರ ಸ್ಟಿಯರಿಂಗಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ.

ಹಾಗಾಗಿಯೇ ಸಮ್ಮೇದ ಶಿಖರ್ಜಿಯ ಮಾತು ಬಂದಾಗ ಮಗ ತಲೆ ಅಡ್ಡ ಆಡಿಸಿದ. ಇಪ್ಪತ್ತು ತೀರ್ಥಂಕರರು ಮುಕ್ತಿ ಪಡೆದ ಬೆಟ್ಟ ಅದು. ಅನಂತಮತಿ ಅಮ್ಮ ಲಂಗ ಹಾಕುತ್ತಿದ್ದ ಕಾಲದಿಂದ ಕಾದಿದ್ದ ಯಾತ್ರೆ. ಬಸದಿಯ ಕೆಲಸ ನೋಡಿಕೊಳ್ಳುವ ಜಯರಾಜರು ಈ ಸಲ ಜನ ಸೇರಿಸಿ ಕರೆದುಕೊಂಡು ಹೋಗುತ್ತಿದ್ದರು, ಹೆಸರು ಕೊಡಲು ಇನ್ನು ಒಂದೆರಡು ದಿನ ಮಾತ್ರ ಉಳಿದಿತ್ತು.

"ಅಮ್ಮಾ, ಅಲ್ಲಿ ಬೆಳಗಾಗುವ ಮೊದಲೇ ಕತ್ತಲೆಯಲ್ಲಿ ಹತ್ತಬೇಕು. ಕಾಡು. ರೈಲಿನಲ್ಲಿ ಮಲಗಬೇಕು. ನಿಮ್ಮ ಹಾಸಿಗೆ, ನಿಮ್ಮ ಕೋಣೆ ಇಲ್ಲದೆ ನಿಮಗೆ ಒಂದು ರಾತ್ರಿ ಕಳೆಯಲಿಕ್ಕೆ ಆಗ್ತದಾ?"

"ಆಗ್ತದೋ ಇಲ್ಲವೋ ನೋಡು."

"ಹೇಗೆ ನೋಡುವುದು?"

ಸೊಸೆ ಸಾಧನಾ ಅಲ್ಲೇ ಅವರೆ ಸುಲಿಯುತ್ತಿದ್ದಳು. ಅವಳಿಗೆ ಸಮುದ್ರದ ಬದಿಯಲ್ಲಿ ಟೆಂಟ್ ಹಾಕಿ ಮಲಗಬೇಕೆಂದು ಬಹಳ ಆಸೆ, ಗಂಡ ಬಿಡುವು ಮಾಡುತ್ತಿರಲಿಲ್ಲ. ಈ ಸಂದರ್ಭವನ್ನು ಅವಳು ಬಿಡಲಿಲ್ಲ. "ಪರೀಕ್ಷೆ ಮಾಡುವ. ಒಂದು ರಾತ್ರಿ ಕಡಲ ಬದಿಯಲ್ಲಿ ಮಲಗುವ. ಅತ್ತೆ ಗಲಾಟೆ ಇಲ್ಲದೆ ಬೆಳಗು ಮಾಡಿದರೆ ಹೆಸರು ಕೊಡಿ, ಇಲ್ಲದಿದ್ದರೆ ಬೇಡ."

ಅಮ್ಮ ಒಪ್ಪಿದರು. ಜಯೇಶ್ ಬಾಯಿ ತಪ್ಪಿ ಒಪ್ಪಿದ.

ಮೂಲ್ಕಿಯ ಆಚೆ, ಹೊಳೆ ಕಡಲಿಗೆ ಸೇರುವ ಮೂಲೆಯಲ್ಲಿ ಮರಳ ದಿಬ್ಬಗಳಿವೆ. ಗಾಳಿಮರಗಳ ಸಾಲು ಬಿಟ್ಟರೆ ಮನೆ ಇಲ್ಲ, ಲೈಟ್ ಇಲ್ಲ. ಅಲ್ಲಿ ದೋಣಿ ಇಟ್ಟುಕೊಂಡ ಅಬ್ದುಲ್ ವಹಾಬ್ ಜಯೇಶನ ಪರಿಚಯದವನು. ಟೆಂಟ್ ಹಾಕಲು ಜಾಗ ತೋರಿಸಿ, ಹೋಗುವ ಮೊದಲು ಒಂದು ಮಾತು ಹೇಳಿದ: "ತಿಂಡಿ ಗಿಂಡಿ ಮರಳಲ್ಲಿ ಇಡಬೇಡಿ ಆಯ್ತಾ. ಕಾರಿನೊಳಗೆ ಇಡಿ. ನರಿ ಬರ್ತದೆ. ಮನುಷ್ಯರಿಗೆ ಏನೂ ಮಾಡುವುದಿಲ್ಲ, ಹೊಟ್ಟೆಪಾಡು ಅಷ್ಟೇ."

"ಪಾಪ," ಎಂದರು ಅಮ್ಮ.

ಅಮ್ಮ ತಮ್ಮ ಹೊತ್ತಿಗೆ ಸರಿಯಾಗಿ ಕೂತು, ಹಬೆಯಲ್ಲಿ ಬೇಯಿಸಿದ ಅಕ್ಕಿಯುಂಡೆ ಪುಂಡಿಯನ್ನು ಹೆಸರುಕಾಳಿನ ಗಸಿಯಲ್ಲಿ ಅದ್ದಿ ತಿಂದು, ಬಾಯಿ ಮುಕ್ಕಳಿಸಿ, ಪಾತ್ರೆ ತೊಳೆದು ಕಾರಿಗೆ ಸೇರಿಸಿ ಪಡುವಣಕ್ಕೆ ತಿರುಗಿದರು. ತಿರುಗಿದವರು ಹಾಗೇ ನಿಂತುಬಿಟ್ಟರು. ಸೂರ್ಯ ಇನ್ನೂ ನೀರಿಗಿಂತ ಎಷ್ಟೋ ಮೇಲೆ, ಯಾವ ಅವಸರವೂ ಇಲ್ಲದೆ ಕೂತಿದ್ದ.

"ಸಾಧನಾ, ಇದೆಂಥದು? ಇವನು ಇನ್ನೂ ಹೋಗಲೇ ಇಲ್ಲವಲ್ಲ!"

"ಇಲ್ಲಿ ಗುಡ್ಡ ಇಲ್ಲವಲ್ಲ ಅತ್ತೆ. ಮನೆಯ ಹಿಂದಿನ ಗುಡ್ಡಕ್ಕೆ ನಮ್ಮ ಸೂರ್ಯ ಬೇಗ ಮರೆಯಾಗ್ತಾನೆ. ಮುಳುಗುವುದಲ್ಲ."

ಅಮ್ಮ ಸೊಂಟಕ್ಕೆ ಕೈ ಕೊಟ್ಟರು. ಅವರ ಅತ್ತೆ ಕಲಿಸಿಕೊಟ್ಟಿದ್ದು ಹಾಗೆಯೇ: ಸೂರ್ಯ ಗುಡ್ಡಕ್ಕೆ ತಾಗುವ ಮೊದಲು ಕೈ ತೊಳೆದಿರಬೇಕು. "ಹಾಗಾದರೆ ಆ ಗುಡ್ಡ ಇಷ್ಟು ಕಾಲ ನನ್ನ ಅರ್ಧ ಊಟ ತಿಂದಿತಾ!" ಎಂದು ಕಾರಿನ ಬಾಗಿಲು ತೆಗೆದು, ಕದಳಿ ಬಾಳೆಹಣ್ಣು ಎರಡು ಸುಲಿದು, ಸೂರ್ಯನ ಮುಖ ನೋಡುತ್ತಲೇ ತಿಂದರು. ಕೆಂಪು ಬಿಲ್ಲೆ ನೀರಿಗೆ ತಾಗುವ ಮೊದಲು ಮತ್ತೆ ಬಾಯಿ ಮುಕ್ಕಳಿಸಿದ್ದಾಯಿತು. ಸಾಧನಾ ನಕ್ಕು ನಕ್ಕು ಮರಳಲ್ಲಿ ಕೂತಳು.

ಜಯೇಶ್ ಮಾತ್ರ, "ನನಗೆ ಹಸಿವಿಲ್ಲಮ್ಮ, ಮಧ್ಯಾಹ್ನದ್ದೇ ಹೊಟ್ಟೆಯಲ್ಲಿ ಉಂಟು" ಎಂದ. ಬರುವ ದಾರಿಯಲ್ಲಿ ಪೆಟ್ರೋಲ್ ಹಾಕಿಸುವ ನೆಪದಲ್ಲಿ ಇಳಿದು ಗೋಬಿ ಮಂಚೂರಿ ಕಟ್ಟಿಸಿಕೊಂಡಿದ್ದು ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಮನೆಯೊಳಗೆ ಸೇರಿಸದ ಈರುಳ್ಳಿ, ಬೆಳ್ಳುಳ್ಳಿ ಎಲ್ಲ ಧಾರಾಳ ಹಾಕಿದ್ದು. ಕಾರಿನಲ್ಲಿಟ್ಟರೆ ವಾಸನೆಗೆ ಅಮ್ಮ ಹಿಡಿಯುತ್ತಾರೆಂದು ತನ್ನ ಟೆಂಟಿನಲ್ಲಿ, ತಲೆದಿಂಬಿನ ಬದಿಗೆ ಇಟ್ಟುಕೊಂಡಿದ್ದ. ಅಮ್ಮ ಮತ್ತು ಸಾಧನಾ ಪಕ್ಕದ ಟೆಂಟಿನಲ್ಲಿ. ಅಮ್ಮ ಜಪ ಮುಗಿಸಿ, ಸೆರಗು ಹೊದ್ದು, ಅಲೆಯ ಸದ್ದಿಗೆ ಮಗುವಿನಂತೆ ನಿದ್ದೆಹೋದರು.

ಗೊರಕೆ ಕೇಳಿದ್ದೇ ತಡ, ಜಯೇಶ್ ಕತ್ತಲೆಯಲ್ಲೇ ಪೊಟ್ಟಣ ಬಿಚ್ಚಿದ. ಒಂದು ತುಂಡು ಬಾಯಿಗೆ ಹೋಯಿತು. ಎರಡನೆಯದಕ್ಕೆ ಕೈ ಹಾಕಿದರೆ ಗೋಬಿಗೆ ಕಾಲುಗಳಿದ್ದವು. ಅದು ನಡೆಯಿತು. ನಡೆದು ಅವನ ಪ್ಯಾಂಟಿನ ಕಾಲೊಳಗೆ ಹೋಯಿತು.

"ಅಯ್ಯಯ್ಯೋ ಅಮ್ಮಾ!"

ಜಯೇಶ್ ಟೆಂಟಿನ ಬಾಗಿಲು ಹುಡುಕದೆ ಟೆಂಟನ್ನೇ ಹೊತ್ತುಕೊಂಡು ಹೊರಬಂದ. ಅಮ್ಮ ಎದ್ದು ಟಾರ್ಚ್ ಬಿಟ್ಟರು. ಮರಳ ತುಂಬ ಬಿಳಿ ಏಡಿಗಳು, ಕಡ್ಡಿಯಂಥ ಕಣ್ಣು ಎತ್ತಿಕೊಂಡು, ಗೋಬಿಯ ಔತಣಕ್ಕೆ ಸಾಲಾಗಿ ಬರುತ್ತಿದ್ದವು.

"ಕುಣಿಯಬೇಡವೋ! ನಿಲ್ಲು!"

"ಕಚ್ಚುತ್ತದಮ್ಮಾ!"

"ಕಚ್ಚಲಿ. ನಿನಗೆ ಒಂದು ಗೀರು ಬೀಳಬಹುದು. ನೀನು ಕಾಲು ಕುಟ್ಟಿದರೆ ಅದರ ಜೀವ ಹೋಗ್ತದೆ. ಮರ ನಿಂತ ಹಾಗೆ ನಿಲ್ಲು."

ಅಮ್ಮ ಮರಳನ್ನು ನೋಡಿ ನೋಡಿ ಹೆಜ್ಜೆಯಿಟ್ಟು ಬಂದರು. ಮನೆಯಲ್ಲಿ ಚೇಳು ಕಂಡರೂ ಲೋಟ ಕವುಚಿ, ಅದರ ಕೆಳಗೆ ಮದುವೆಯ ಕಾಗದ ತೂರಿಸಿ, ತೋಟದಂಚಿಗೆ ಬಿಟ್ಟು ಬರುವ ಕೈ ಅದು. ಬಾಯಿ ಮುಕ್ಕಳಿಸಲು ತಂದಿದ್ದ ಚೆಂಬನ್ನು ಪ್ಯಾಂಟಿನ ತುದಿಗೆ ಹಿಡಿದು, ಬಟ್ಟೆಯ ಮೇಲಿಂದ ಮೆಲ್ಲನೆ ಸವರುತ್ತ ಬಂದರು. ಟಣ್ ಎಂದು ಏಡಿ ಚೆಂಬಿಗೆ ಬಿತ್ತು. ಅದನ್ನು ನೀರಿನಂಚಿಗೆ ಬಿಟ್ಟು ಬರುವಾಗ ಅಮ್ಮ ಒಮ್ಮೆ ಗಾಳಿ ಮೂಸಿದರು.

"ಬೆಳ್ಳುಳ್ಳಿ ವಾಸನೆ."

"ಕಡಲಿನ ವಾಸನೆ ಇರಬೇಕಮ್ಮ," ಎಂದ ಜಯೇಶ್.

"ಹೌದಾ? ಕಡಲಿಗೆ ಒಗ್ಗರಣೆ ಹಾಕಿದ್ದು ಯಾರು?"

ಅಷ್ಟರಲ್ಲಿ ಗಾಳಿಮರದ ಬುಡದಲ್ಲಿ ಎರಡು ಕಣ್ಣು ಹೊಳೆದವು. ನರಿ. ಸಪೂರ ಕಾಲು, ಕೆದರಿದ ಬಾಲ. ಟಾರ್ಚಿನ ಬೆಳಕನ್ನು ಲೆಕ್ಕಕ್ಕೇ ಇಡದೆ, ನೆಂಟರ ಮನೆಗೆ ಬಂದಂತೆ ನಡೆದುಬಂತು. ಜಯೇಶ್ ಎದ್ದು ಬಂದಿದ್ದ ಹೆಂಡತಿಯ ಹಿಂದೆ ನಿಂತ. ನರಿ ಏಡಿಗಳ ನಡುವಿನಿಂದ ಪೊಟ್ಟಣ ಕಚ್ಚಿತು, ಜೊತೆಗೆ ಅವನ ಒಂದು ಚಪ್ಪಲಿಯನ್ನೂ ಸೇರಿಸಿ ಎತ್ತಿಕೊಂಡಿತು, ಬಂದ ದಾರಿಯಲ್ಲೇ ಹೋಯಿತು.

"ನೋಡು, ನಿನ್ನ ಪಂಕ್ತಿಯವರು," ಎಂದರು ಅಮ್ಮ. "ರಾತ್ರಿ ಉಣ್ಣುವವರೆಲ್ಲ ಒಟ್ಟಿಗೇ ಸೇರಿದ್ದೀರಿ."

"ಅಮ್ಮಾ, ಮನೆಗೆ ಹೋಗುವ. ಈಗಲೇ ಹೋಗುವ."

"ಪರೀಕ್ಷೆ ನನ್ನದು ಮಾರಾಯ. ಅರ್ಧದಲ್ಲಿ ಎದ್ದು ಹೋದರೆ ಫೇಲ್ ಮಾಡುವವನು ನೀನೇ. ನಾನಿಲ್ಲಿಂದ ಅಲ್ಲಾಡುವುದಿಲ್ಲ." ಅಮ್ಮ ಮತ್ತೆ ಸೆರಗು ಹೊದ್ದು ಮಲಗಿದರು. ಜಯೇಶ್ ಕಾರಿನೊಳಗೆ ಸೇರಿಕೊಂಡು, ನಾಲ್ಕೂ ಬಾಗಿಲಿಗೆ ಲಾಕ್ ಹಾಕಿ, ಹಸಿದ ಹೊಟ್ಟೆಯಲ್ಲಿ ಕಣ್ಣು ಬಿಟ್ಟುಕೊಂಡೇ ಬೆಳಗು ಮಾಡಿದ.

ಬೆಳಗ್ಗೆ ಮರಳ ಮೇಲೆ ಏಡಿಗಳು ಉಂಡೆ ಕಟ್ಟಿ ಬಿಡಿಸಿದ್ದ ರಂಗೋಲಿಯನ್ನು ತುಳಿಯದೆ ಸುತ್ತು ಬಳಸಿ ನಡೆದು, ಅಮ್ಮ ಕಾರಿನ ಗಾಜು ತಟ್ಟಿದರು. ನಿದ್ದೆಗೆಟ್ಟ ಮುಖದಲ್ಲಿ ಮಗ ಕೆಳಗಿಳಿದ, ಒಂದೇ ಚಪ್ಪಲಿಯಲ್ಲಿ.

"ಏನು ಹೇಳ್ತೀ?"

ಅವನು ಫೋನ್ ತೆಗೆದು ಜಯರಾಜರಿಗೆ ಮಾಡಿದ. "ಜಯರಾಜಣ್ಣ, ಶಿಖರ್ಜಿಗೆ ನಮ್ಮ ಮನೆಯಿಂದ ಹೆಸರು ಬರೆದುಕೊಳ್ಳಿ. ಅಮ್ಮ, ಸಾಧನಾ, ನಾನು."

"ಸಂತೋಷ," ಎಂದರು ಅವರು ಆ ಕಡೆಯಿಂದ. "ಆದರೆ ಅಮ್ಮ ಪ್ರಾಯ ಆದವರು. ಬೆಟ್ಟ, ಕತ್ತಲೆ. ಪಕ್ಕದಲ್ಲಿ ಯಾರನ್ನಾದರೂ ಇಡಬೇಕಾ?"

ಅಮ್ಮ ಫೋನ್ ಕಿತ್ತುಕೊಂಡರು.

"ಖಂಡಿತ ಇಡಿ ಜಯರಾಜಣ್ಣ. ನನಗಲ್ಲ, ನಮ್ಮ ಜಯೇಶನಿಗೆ. ಕತ್ತಲೆಯಲ್ಲಿ ಸ್ವಲ್ಪ ಹೆದರಿಕೊಳ್ತಾನೆ."